ಹಸ್ತಿ ಮಳೆ ಮುಗಿಯಿತು, ಎಲೆಯ ಕೆಳಗೆ ನೋಡಿ

ಹಸ್ತಿ ಮಳೆ ಕೊನೆಯ ಪಾದಕ್ಕೆ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ರೈತನ ಮನಸ್ಸೆಲ್ಲ ಎರೆ ಹೊಲದ ಹದದ ಮೇಲೆ. ಬಿಳಿಜೋಳ ಬಿತ್ತಬೇಕು, ಕಡಲೆ ಹಾಕಬೇಕು, ನಡುನಡುವೆ ಕುಸುಬಿಯ ಅಕ್ಕಡಿ ಸಾಲು ಬಿಡಬೇಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಯಿದು. ಅದರಲ್ಲಿ ಅತಿ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಆದ್ದರಿಂದ ಇಲ್ಲಿಯವರಿಗೆ ಹಿಂಗಾರಿಯೇ ಹಿರಿಯ ಬೆಳೆ. ಈ ಗಡಿಬಿಡಿಯಲ್ಲಿ ಬಾವಿ ಮಗ್ಗುಲಿನ, ಮನೆ ಹಿತ್ತಲಿನ, ಸೀನಾ ಮತ್ತು ಬೋರಿ ದಂಡೆಯ ಗುಂಟೆ ಎರಡು ಗುಂಟೆ ಕಾಯಿಪಲ್ಯದ ಮಡಿಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಳೆ ವಿಮೆಯ ಕಾಗದದಲ್ಲಿ ಅವು ಇರುವುದಿಲ್ಲ, ಪಂಚನಾಮೆಗೆ ಬಂದವರು ಅವುಗಳ ಬದುವಿನ ಮೇಲೆ ನಿಲ್ಲುವುದಿಲ್ಲ. ಆದರೆ ಚಳಿಗಾಲ ಪೂರ್ತಿ ರೊಟ್ಟಿಯ ಜೊತೆ ತಾಟಿಗೆ ಬೀಳುವುದು ಅಲ್ಲಿ ಬೆಳೆದದ್ದೇ. ಸಂತೆಯ ದಿನ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುವುದೂ ಅಲ್ಲಿಂದಲೇ.

ಆ ಮಡಿಗಳ ಮೇಲೆ ಮುಂದಿನ ಮೂರು ನಾಲ್ಕು ವಾರಗಳಲ್ಲಿ ಏನು ಬರಲಿದೆ ಎಂಬುದನ್ನು ಈಗಲೇ ಹೇಳಬೇಕಾಗಿದೆ. ಹುಳು ಕಣ್ಣಿಗೆ ಬಿದ್ದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಬದನೆಯಲ್ಲಿ ತೂತು ಕಂಡಾಗ ಹುಳು ಒಳಗಿದ್ದು ವಾರ ಕಳೆದಿರುತ್ತದೆ. ಉಳ್ಳಾಗಡ್ಡಿಯ ಎಲೆ ಬೆಳ್ಳಗಾದಾಗ ನುಸಿಯ ಎರಡನೇ ಪೀಳಿಗೆ ಹುಟ್ಟಿರುತ್ತದೆ. ಆಗ ಮನೆಯ ಗಂಡಸು ಗಾಡಿ ಹತ್ತಿ ಪೇಟೆಗೆ ಹೋಗಿ, ಅಂಗಡಿಯವರು ಕೊಟ್ಟ ಎರಡು ಬಾಟಲಿ ತಂದು ಒಂದೇ ಕ್ಯಾನಿನಲ್ಲಿ ಕಲಸಿ ಹೊಡೆಯುತ್ತಾನೆ. ವರ್ಷವರ್ಷವೂ ನಡೆಯುವುದು ಇದೇ. ಈ ವರ್ಷ ಹಾಗಾಗಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇವೆ.

ಈ ಹೊತ್ತಿನಲ್ಲೇ ಯಾಕೆ ಎಂಬುದಕ್ಕೆ ಹವೆಯಲ್ಲಿ ಉತ್ತರವಿದೆ. ಮಳೆಗಾಲದಲ್ಲಿ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ಹಸಿರು ಸೊಕ್ಕಿ ಬೆಳೆದಿರುತ್ತದೆ. ಹುಳುಗಳಿಗೆ ಅಲ್ಲಿಯೇ ಊಟ, ಅಲ್ಲಿಯೇ ವಾಸ. ಮಳೆ ಹಿಂದೆ ಸರಿದು ಅಕ್ಟೋಬರಿನ ಬಿಸಿಲು ಚುರುಗುಟ್ಟತೊಡಗಿದರೆ ಆ ಹಸಿರು ಒಣಗುತ್ತದೆ. ಆಗ ಸುತ್ತಮುತ್ತಲಿನಲ್ಲಿ ಎಳೆಯದು, ಮೆತ್ತಗಿನದು, ನೀರು ಕುಡಿದದ್ದು ಎಂದರೆ ನಮ್ಮ ಸಸಿಮಡಿ ಒಂದೇ. ರಸ ಹೀರುವ ನುಸಿ, ಹೇನು, ಬಿಳಿನೊಣಗಳನ್ನು ಎಲೆಯಿಂದ ತೊಳೆದು ಹಾಕುತ್ತಿದ್ದ ಮಳೆಯೂ ಈಗಿಲ್ಲ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ಬಂದು ನಾಲ್ಕು ದಿನ ಕವಿದುಕೊಂಡರೆ ಕಾಯಿಕೊರಕ ಹುಳುವಿನ ಹಾವಳಿ ಏರುತ್ತದೆ. ಮಳೆ ವಿಪರೀತವಾದ ವರ್ಷ ಕಷ್ಟ ಇಮ್ಮಡಿ. 2020ರ ಅಕ್ಟೋಬರ್ ಮಧ್ಯದಲ್ಲಿ ಸುರಿದ ಮಳೆಗೆ ಬೋರಿ ಉಕ್ಕಿ ಅಕ್ಕಲಕೋಟ ತಾಲೂಕಿನ ಹಳ್ಳಿಗಳು ನೀರು ಕಂಡವು. 2025ರ ಸೆಪ್ಟೆಂಬರಿನಲ್ಲಿ ಸೀನಾ ದಂಡೆಯ ಊರೂರುಗಳೇ ಮುಳುಗಿದವು. ಅಂಥ ವರ್ಷ ಸಸಿಗಳನ್ನು ಎರಡನೇ ಸಲ ತಡವಾಗಿ ಹಾಕುತ್ತಾರೆ. ತಡವಾಗಿ ಹಾಕಿದ ಎಳೆ ಸಸಿ ಸರಿಯಾಗಿ ಹುಳುವಿನ ಹಸಿವಿನ ಕಾಲಕ್ಕೇ ಸಿಗುತ್ತದೆ.

ಬದನೆಯಿಂದ ಶುರು ಮಾಡೋಣ. ಈ ಸೀಮೆಯಲ್ಲಿ ಬದನೆ ಇಲ್ಲದೆ ಎಳ್ಳ ಅಮಾಸಿ ಇಲ್ಲ. ಬನ್ನಿ ಮುಡಿಯುವ ಹೊತ್ತಿಗೆ ನಾಟಿ ಮಾಡಿದ ಗಿಡ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹೊತ್ತಿಗೆ ಕೈತುಂಬ ಕಾಯಿ ಕೊಡುತ್ತದೆ. ಸಜ್ಜೆ ಕಡಬು, ಭಜ್ಜಿ, ಎಣ್ಣೆಗಾಯಿಯ ಬುತ್ತಿ ಕಟ್ಟಿಕೊಂಡು ಇಡೀ ಮನೆ ಹೊಲದಲ್ಲಿ ಕೂಡುವ ಆ ದಿನದ ಕಾಯಿಯನ್ನು ಕಾಯುವ ಕೆಲಸ ಈಗಿನಿಂದ ಶುರುವಾಗಬೇಕು. ಬದನೆಯ ವೈರಿ ಒಂದೇ, ಚಿಗುರು ಮತ್ತು ಕಾಯಿ ಕೊರೆಯುವ ಹುಳು. ಅದರ ತಾಯಿ ಬಿಳಿ ರೆಕ್ಕೆಯ ಮೇಲೆ ಕಂದು ಮಚ್ಚೆಗಳಿರುವ ಸಣ್ಣ ಪತಂಗ. ರಾತ್ರಿ ಬಂದು ಎಲೆಯ ಕೆಳಗೆ, ಚಿಗುರಿನ ಮೇಲೆ ಬಿಡಿಬಿಡಿಯಾಗಿ ತತ್ತಿ ಇಡುತ್ತದೆ. ಮರಿ ಹುಟ್ಟಿದ ಕೆಲ ಗಂಟೆಗಳಲ್ಲೇ ಚಿಗುರಿನೊಳಗೆ ಹೊಕ್ಕುಬಿಡುತ್ತದೆ. ಹೊಕ್ಕ ಮೇಲೆ ಯಾವ ಔಷಧವೂ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಬದನೆಗೆ ವಾರಕ್ಕೊಮ್ಮೆ ಹೊಡೆದರೂ ಹುಳು ಹೋಗಲಿಲ್ಲ ಎಂದು ಜನ ಗೋಳಾಡುವುದು ಈ ಕಾರಣಕ್ಕೆ.

ಆದರೆ ಈ ಹುಳು ತಾನು ಬಂದ ಸುದ್ದಿಯನ್ನು ಮೊದಲೇ ಹೇಳುತ್ತದೆ. ಗಿಡದಲ್ಲಿ ಕಾಯಿ ಬರುವುದಕ್ಕೆ ಮುಂಚೆ ಅದು ಚಿಗುರನ್ನು ತಿನ್ನುತ್ತದೆ. ಬೆಳಿಗ್ಗೆ ಇಡೀ ಗಿಡ ನೆಟ್ಟಗೆ ನಿಂತಿದ್ದು ಒಂದು ತುದಿ ಮಾತ್ರ ಬಾಡಿ ಜೋತುಬಿದ್ದಿದ್ದರೆ ನೀರಿನ ಕೊರತೆ ಎಂದು ತಿಳಿಯಬೇಡಿ. ಆ ತುದಿಯೊಳಗೆ ಹುಳುವಿದೆ. ಬಾಡಿದ ಭಾಗಕ್ಕಿಂತ ಎರಡು ಬೆರಳು ಕೆಳಗೆ ಚಿವುಟಿ ತೆಗೆದು ಸುಡಬೇಕು, ಇಲ್ಲವೇ ಆಳಕ್ಕೆ ಹೂಳಬೇಕು. ಬದುವಿನ ಮೇಲೆ ಎಸೆದರೆ ಹುಳು ಅಲ್ಲಿಂದಲೇ ಎದ್ದು ಬರುತ್ತದೆ. ವಾರಕ್ಕೆ ಎರಡು ಸಲ, ಹೂ ಬಿಡುವವರೆಗೆ, ಇಷ್ಟನ್ನು ತಪ್ಪದೆ ಮಾಡಿದ ಮಡಿಗೂ ಮಾಡದ ಮಡಿಗೂ ಇರುವ ಅಂತರವನ್ನು ಕಾಯಿ ಕೊಯ್ಯುವಾಗ ಯಾರೂ ಹೇಳಿಕೊಡಬೇಕಾಗಿಲ್ಲ. ತೂತು ಬಿದ್ದ ಕಾಯನ್ನೂ ಗಿಡದಲ್ಲಿ ಬಿಡಬಾರದು, ಗಿಡದ ಬುಡದಲ್ಲೂ ಬಿಡಬಾರದು. ಜೊತೆಗೆ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆಗಳು ಸಿಗುತ್ತವೆ. ಗುಂಟೆಗೊಂದರಂತೆ ಗಿಡದ ನೆತ್ತಿಗಿಂತ ಸ್ವಲ್ಪ ಮೇಲೆ ಕಟ್ಟಿದರೆ ಸಾಕು. ಬಲೆಯೊಳಗೆ ಇಡುವ ವಾಸನೆಯ ಗುಳಿಗೆ ಬದನೆಯ ಹುಳುವಿಗೆ ಬೇರೆ, ಟೊಮ್ಯಾಟೊ ಹುಳುವಿಗೆ ಬೇರೆ. ಅಂಗಡಿಯಲ್ಲಿ ಬೆಳೆಯ ಹೆಸರು ಹೇಳಿ ಕೇಳಿ ತರಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಮಾಡುವವರು ಕಡಿಮೆ. ಹೋದ ಸಲದ ಬದನೆ ಗಿಡ ಕಿತ್ತು ಒಣಗಿಸಿ, ನೀರೊಲೆಗೆ ಉರುವಲಾದೀತೆಂದು ಗೋಡೆ ಪಕ್ಕ ಪೇರಿಸಿಡುವ ರೂಢಿ ಹಳ್ಳಿಗಳಲ್ಲಿದೆ. ಆ ಒಣ ಕಟ್ಟಿಗೆಯಲ್ಲಿ, ಅದರ ಕೆಳಗಿನ ಕಸದಲ್ಲಿ ಹುಳುವಿನ ಕೋಶಗಳು ಮಲಗಿರುತ್ತವೆ. ಹೊಸ ಸಸಿ ನೆಟ್ಟ ಹೊತ್ತಿಗೆ ಪತಂಗಗಳು ಅಲ್ಲಿಂದ ಏಳುತ್ತವೆ. ನಾಟಿಗೆ ಮುಂಚೆ ಆ ರಾಶಿಯನ್ನು ಮೊದಲು ಒಲೆಗೆ ಹಾಕಿ ಮುಗಿಸಿ. ಪತಂಗಕ್ಕೆ ಬದು ಬೇಲಿ ಇಲ್ಲ. ನಿಮ್ಮ ಮಡಿ ಚೊಕ್ಕವಿದ್ದು ಪಕ್ಕದ ಮನೆಯವರ ಹಳೇ ಗಿಡ ಹಾಗೇ ನಿಂತಿದ್ದರೆ ನಿಮ್ಮ ಶ್ರಮ ಅರ್ಧಕ್ಕರ್ಧ ವ್ಯರ್ಥ. ಓಣಿಯವರೆಲ್ಲ ಒಂದೇ ವಾರದಲ್ಲಿ ಮಾಡಬೇಕಾದ ಕೆಲಸವಿದು.

ಇದೇ ಹುಳುವಿನ ಕಾರಣಕ್ಕೆ ಈ ದೇಶದಲ್ಲಿ ದೊಡ್ಡ ವಾದವೇ ನಡೆಯಿತು. ಈ ಹುಳುವನ್ನು ತಡೆಯುವ ಜೀನ್ ಸೇರಿಸಿದ ಬಿಟಿ ಬದನೆಯನ್ನು ಮಹಾರಾಷ್ಟ್ರದ ಜಾಲನಾದ ಮಹಿಕೋ ಕಂಪನಿ ರೂಪಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿ ಕೈಗೂಡಿಸಿ ಕುಡಚಿ, ಮಾಲಾಪುರ, ರಬಕವಿಯಂಥ ನಮ್ಮ ನಾಡತಳಿಗಳಿಗೆ ಆ ಜೀನ್ ಸೇರಿಸಿತು. ಊರೂರಲ್ಲಿ ಸಾರ್ವಜನಿಕ ಅಹವಾಲು ಕೇಳಿದ ಬಳಿಕ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ಅದಕ್ಕೆ ತಡೆ ಹಾಕಿದರು. ಆ ತಡೆ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಮುಗಿಯುವವರೆಗೆ ಮಾತ್ರವಲ್ಲ, ಮುಗಿದ ಮೇಲೂ ಬಾಡಿದ ತುದಿ ಚಿವುಟುವ ಕೈ ಬೇಕಾಗುತ್ತದೆ ಎಂಬುದು ನಮ್ಮ ನಂಬಿಕೆ.

ಉಳ್ಳಾಗಡ್ಡಿಯ ವಿಷಯ ಬೇರೆ. ಸೊಲ್ಲಾಪುರದ ಮಾರುಕಟ್ಟೆ ದೇಶದ ದೊಡ್ಡ ಉಳ್ಳಾಗಡ್ಡಿ ಪೇಟೆಗಳಲ್ಲಿ ಒಂದು. ಕರ್ನಾಟಕದ ಕಡೆಯಿಂದಲೂ ಅಲ್ಲಿಗೆ ಗಾಡಿಗಳು ಬರುತ್ತವೆ. ಹೀಗಾಗಿ ಸಣ್ಣ ರೈತರೂ ಹಿತ್ತಲಿನವರೂ ಒಂದಿಷ್ಟು ಉಳ್ಳಾಗಡ್ಡಿ ಹಾಕುತ್ತಾರೆ. ಅದರ ವೈರಿ ಕಣ್ಣಿಗೆ ಸುಲಭವಾಗಿ ಕಾಣದ ಥ್ರಿಪ್ಸ್ ನುಸಿ. ಎಲೆಗಳು ಕೂಡುವ ಸಂದಿಯೊಳಗೆ ಅಡಗಿ ಕೂತು ಎಲೆ ಕೆರೆದು ರಸ ಹೀರುತ್ತದೆ. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಬೀಳುತ್ತವೆ, ತುದಿ ಸುರುಳಿ ಸುತ್ತುತ್ತದೆ. ಆ ಗಾಯದ ಮೂಲಕವೇ ನೇರಳೆ ಮಚ್ಚೆ ರೋಗವೂ ಒಳಹೊಗುತ್ತದೆ. ನಡುವಿನ ಎಲೆಗಳನ್ನು ಬೆರಳಿನಿಂದ ಬಿಡಿಸಿ, ಅಂಗೈ ಮೇಲೆ ಬಿಳಿ ಕಾಗದ ಹಿಡಿದು ಗಿಡವನ್ನು ತಟ್ಟಿದರೆ ಹಳದಿ ಚುಕ್ಕೆಗಳು ಓಡಾಡುವುದು ಕಾಣುತ್ತದೆ. ಪುಣೆ ಜಿಲ್ಲೆಯ ರಾಜಗುರುನಗರದಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ ಗಿಡಕ್ಕೆ 30 ನುಸಿ ದಾಟಿದರೆ ಮಾತ್ರ ಔಷಧದ ಮಾತು. ಐದು ಹತ್ತು ಕಂಡಕೂಡಲೇ ಪಂಪು ಹೊರುವ ಅಗತ್ಯವಿಲ್ಲ. ಆ ಸಂಸ್ಥೆ ಹೇಳುವ ಇನ್ನೊಂದು ಉಪಾಯ, ಮಡಿಯ ಸುತ್ತ ಹೊರಗೆ ಗೋವಿನಜೋಳದ ಸಾಲು, ಒಳಗೆ ಗೋದಿಯ ಸಾಲನ್ನು ನಾಟಿಗೆ ತಿಂಗಳ ಮುಂಚೆ ಬಿತ್ತುವುದು. ಗಾಳಿಯಲ್ಲಿ ತೇಲಿಬರುವ ನುಸಿಗೆ ಅದು ಗೋಡೆಯಾಗುತ್ತದೆ. ನವೆಂಬರಿನಲ್ಲಿ ನಾಟಿ ಮಾಡುವವರಿಗೆ ಆ ಸಾಲು ಬಿತ್ತಲು ಇದೇ ಸಮಯ. ತುಂತುರು ನೀರಾವರಿ ಇದ್ದವರು ಮೇಲಿನಿಂದ ನೀರು ಕೊಟ್ಟರೂ ನುಸಿ ತಗ್ಗುತ್ತದೆ.

ಗೋವಿನಜೋಳದ ಆ ಗೋಡೆಯನ್ನು ಬಿತ್ತಿ ಮರೆಯುವಂತಿಲ್ಲ. ಅದಕ್ಕೂ ಒಂದು ಕಥೆಯಿದೆ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಗೋವಿನಜೋಳದಲ್ಲಿ. ಅಲ್ಲಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಗೋವಿನಜೋಳದಲ್ಲೂ ಅದು ಸಿಕ್ಕಿತು. ಮೇ ತಿಂಗಳ ಸುದ್ದಿ ಸೆಪ್ಟೆಂಬರಿನೊಳಗೆ ಇಲ್ಲಿಯ ಹಳ್ಳಿಗಳಿಗೆ ಮುಟ್ಟಬೇಕಿತ್ತು. ಸುದ್ದಿಗಿಂತ ಮೊದಲು ಹುಳುವೇ ಮುಟ್ಟಿತು. ಈಗ ಅದು ಹಿಂಗಾರಿ ಜೋಳವನ್ನೂ ಬಿಡುವುದಿಲ್ಲ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ, ಇವು ಅದರ ಗುರುತು. ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಕೈಯಿಂದ ಹಿಸುಕಿ ಕೊಲ್ಲಿ. ಸಂಜೆಗೆ ಸುಳಿಯಲ್ಲಿ ಒಂದು ಚಿಟಿಕೆ ಮಣ್ಣು ಹಾಕುವವರೂ ಇದ್ದಾರೆ. ಸಣ್ಣ ಮಡಿಗೆ ಅಷ್ಟು ಸಾಕಾಗುತ್ತದೆ.

ಟೊಮ್ಯಾಟೊಗೆ ಬರೋಣ. ಈ ಸೀಮೆಯಲ್ಲಿ ತೊಗರಿ ಹೂ ಬಿಡುವ ಹೊತ್ತಿಗೇ ಟೊಮ್ಯಾಟೊ ಕಾಯಿ ಕಟ್ಟತೊಡಗುತ್ತದೆ. ದುಧನಿ, ಮೈಂದರಗಿಯಿಂದ ಕಲಬುರಗಿಯತ್ತ ಹೋದರೆ ಎರಡೂ ಬದಿಗೆ ತೊಗರಿಯೇ. ತೊಗರಿಯ ಹೂವು ಕಾಯಿ ತಿನ್ನುವ ಹಸಿರು ಹುಳುವೇ ಟೊಮ್ಯಾಟೊ ಕಾಯಿಗೂ ತೂತು ಕೊರೆಯುತ್ತದೆ. ತೊಗರಿ ಗಿಡ ಅಲ್ಲಾಡಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಉದುರಿದ ಹುಳುಗಳನ್ನು ಆರಿಸಿ ಕೊಲ್ಲುವುದನ್ನು ನಮ್ಮ ಹಿರಿಯರು ಬಲ್ಲರು. ಹಾಗೆ ಮಾಡಿದವರ ಹಿತ್ತಲಿನ ಟೊಮ್ಯಾಟೊ ಕೂಡ ಉಳಿಯುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ಒಂದು ಉಪಾಯ ತೋರಿಸಿತು: ಪ್ರತಿ 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂವು. ಪತಂಗ ಚೆಂಡುಹೂವಿನ ಮೊಗ್ಗಿನ ಮೇಲೆ ತತ್ತಿ ಇಡಲು ಹೆಚ್ಚು ಇಷ್ಟಪಡುತ್ತದೆ. ಆದರೆ ಲೆಕ್ಕ ತಪ್ಪಬಾರದು. ಟೊಮ್ಯಾಟೊ ಸಸಿ 25 ದಿನದ್ದಿದ್ದರೆ ಚೆಂಡುಹೂವಿನ ಸಸಿ 45 ದಿನದ್ದಿರಬೇಕು. ಎರಡೂ ಒಂದೇ ಹೊತ್ತಿಗೆ ಹೂ ಬಿಟ್ಟರೆ ಮಾತ್ರ ಕೆಲಸವಾಗುತ್ತದೆ. ದಸರೆ ದೀಪಾವಳಿಗೆಂದು ಹೇಗೂ ಚೆಂಡುಹೂವು ಹಾಕುವ ಸೀಮೆ ನಮ್ಮದು. ಹಬ್ಬ ಮುಗಿದೊಡನೆ ಗಿಡ ಕಿತ್ತೆಸೆಯದೆ ಒಂದು ಸಾಲು ಉಳಿಸಿಕೊಂಡರೂ ಲಾಭವಿದೆ. ಹುಳು ಬಿದ್ದ ಮೊಗ್ಗನ್ನು ಮಾತ್ರ ಆರಿಸಿ ತೆಗೆಯಬೇಕು.

ಟೊಮ್ಯಾಟೊ ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ರಂಗೋಲಿ ಹುಳುವಿಗೆ ಅಷ್ಟು ಹೆದರಬೇಕಿಲ್ಲ. ಬುಡದ ಹಳೇ ಎಲೆ ಕಿತ್ತರೆ ಸಾಕು. ಹೆದರಬೇಕಾದದ್ದು ಎಲೆಯಲ್ಲಿ ಅಗಲವಾದ ಕಂದು ಪೊರೆ ಮಾಡಿ, ಕಾಯಿಯ ತೊಟ್ಟಿನ ಬುಡದಲ್ಲಿ ಸೂಜಿ ಚುಚ್ಚಿದಂಥ ತೂತು ಬಿಡುವ ಟೂಟಾ ಹುಳುವಿಗೆ. ಅದು ದಕ್ಷಿಣ ಅಮೆರಿಕದಿಂದ ಹೊರಟು 2014ರಲ್ಲಿ ಮಹಾರಾಷ್ಟ್ರದಲ್ಲಿ ಕಂಡಿತು. ಬಿಳಿನೊಣದ ವಿಷಯದಲ್ಲಿ ಒಂದೇ ಮಾತು. ಟೊಮ್ಯಾಟೊದಲ್ಲಿ ಎಲೆ ಮುದುಡಿದ, ಬೆಂಡಿಯಲ್ಲಿ ಎಲೆಯ ನರ ಹಳದಿಯಾದ ಮೊದಲ ಗಿಡ ಕಂಡ ದಿನವೇ ಅದನ್ನು ಕಿತ್ತು ಹೂಳಿ. ಅದು ಬಿಳಿನೊಣ ಹರಡುವ ನಂಜುರೋಗ, ಗುಣವಾಗುವುದಿಲ್ಲ. ಕನಿಕರಪಟ್ಟು ಬಿಟ್ಟರೆ ಒಂದು ಗಿಡದಿಂದ ಇಡೀ ಮಡಿಗೆ ಹರಡುತ್ತದೆ. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸಿದವರು ಈ ಸಂಕಟದಿಂದ ಬಹಳಮಟ್ಟಿಗೆ ಪಾರಾಗುತ್ತಾರೆ.

ಕೋಸು, ಹೂಕೋಸು ಹಾಕಿದವರಿಗೆ ವಜ್ರಬೆನ್ನಿನ ಪತಂಗ. ಹುಳು ಚಿಕ್ಕದು, ಹಸಿರು. ಮುಟ್ಟಿದರೆ ನುಲಿದಾಡಿ ಎಳೆ ಬಿಟ್ಟು ಕೆಳಗೆ ಇಳಿಯುತ್ತದೆ. ಲೋಕದಲ್ಲಿ ಔಷಧಗಳಿಗೆ ಬಗ್ಗದಿರುವ ಹುಳುಗಳ ಪೈಕಿ ಇದು ಮೊದಲ ಸಾಲಿನದು. ಹೊಡೆದಷ್ಟೂ ಗಟ್ಟಿಯಾಗುತ್ತ ಹೋಗಿದೆ. ಹೆಸರಘಟ್ಟದವರೇ ಹೇಳಿದ ದಾರಿ, 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಮೊದಲ ಸಾಲನ್ನು ಕೋಸಿಗಿಂತ 15 ದಿನ ಮುಂಚೆ, ಎರಡನೆಯದನ್ನು ಕೋಸು ನೆಟ್ಟ 25 ದಿನಕ್ಕೆ. ಹಿತ್ತಲಿನಲ್ಲಿ ನಾಲ್ಕೇ ಸಾಲು ಕೋಸು ಇರುವವರು ಸುತ್ತಲೂ ಒಂದು ಗೆರೆ ಸಾಸಿವೆ ಚೆಲ್ಲಿದರಾಯಿತು.

ಇನ್ನು ಎಲ್ಲ ಮಡಿಗೂ ಬರುವ ಹೇನು. ಅವರೆಯ ತುದಿ, ಮೂಲಂಗಿಯ ಎಲೆ, ಸಾಸಿವೆಯ ಹೂಗೊಂಚಲು ಎಲ್ಲ ಕಡೆ ಮುತ್ತುತ್ತದೆ. ಹೇನು ಕಂಡಲ್ಲಿ ಮೊದಲು ಗುಲಗಂಜಿ ಹುಳುವನ್ನು ಹುಡುಕಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಆ ದುಂಡು ಹುಳುವೂ, ಮೊಸಳೆಯಂತೆ ಕಾಣುವ ಅದರ ಮರಿಯೂ ಹೇನನ್ನು ತಿಂದು ಬದುಕುತ್ತವೆ. ಆ ಮರಿಯನ್ನೇ ಪೀಡೆಯೆಂದು ತಿಳಿದು ಕೊಲ್ಲುವವರು ಎಷ್ಟೋ ಮಂದಿ. ಅವು ಇದ್ದರೆ ಎರಡು ದಿನ ಕಾಯಿರಿ. ಇಲ್ಲದಿದ್ದರೆ ರಭಸದ ನೀರು, ಅದಕ್ಕೂ ಬಗ್ಗದಿದ್ದರೆ ತೆಳು ಸಾಬೂನು ನೀರು. ಎಲೆ ತಿನ್ನುವ ಮರಿಹುಳುಗಳಿಗೂ ರಸ ಹೀರುವ ಸಣ್ಣ ಕೀಟಗಳಿಗೂ ಬೇವಿನ ಬೀಜದ ಕಷಾಯದಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ. ಬಿಸಿಲಿನ ಈ ಸೀಮೆಯಲ್ಲಿ ಬೇವು ಇಲ್ಲದ ಊರಿಲ್ಲ. ಬೇಸಿಗೆ ಕೊನೆಯಲ್ಲಿ ಉದುರಿದ ಹಣ್ಣು ಆರಿಸಿ, ನೆರಳಲ್ಲಿ ಒಣಗಿಸಿಟ್ಟುಕೊಂಡ ಬೀಜವಿದ್ದರೆ ಅರ್ಧ ಕಿಲೋ ತಿರುಳು ಕುಟ್ಟಿ ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ 10 ಲೀಟರ್ ಮಾಡಿಕೊಳ್ಳಿ. ಎಲೆಗೆ ಅಂಟಲೆಂದು ಸ್ವಲ್ಪ ಸಾಬೂನು ಸೇರಿಸಿ ಸಂಜೆ ಹೊತ್ತು, ಎಲೆಯ ಕೆಳಗೂ ತಾಗುವಂತೆ ಹೊಡೆಯಿರಿ. ಬಿಸಿಲಲ್ಲಿ ಅದರ ಸತ್ವ ಬೇಗ ಹೋಗುತ್ತದೆ. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು.

ಮೆಂತೆ, ಸಬ್ಬಸಿಗೆ, ರಾಜಗಿರಿ, ಹುಣಚಿಕ್ಕ, ಕೊತ್ತಂಬರಿ ಇವುಗಳ ಮೇಲೆ ರಾಸಾಯನಿಕ ಔಷಧ ಹೊಡೆಯಲೇಬಾರದು ಎಂಬುದು ನಮ್ಮ ಖಚಿತ ಮಾತು. ಸೊಪ್ಪು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಅದರಲ್ಲಿ ಎಷ್ಟನ್ನೋ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತೇವೆ. ಹೊಡೆದ ಮೇಲೆ ಕಾಯಬೇಕಾದ ದಿನಗಳಿಗೆ ಅಲ್ಲಿ ಜಾಗವೇ ಇಲ್ಲ. ಎಲೆಯಲ್ಲಿ ನಾಲ್ಕು ತೂತು ಇದ್ದರೆ ಇರಲಿ.

ಔಷಧದ ಬಗ್ಗೆ ಇಷ್ಟು ಬಿಗಿಯಾಗಿ ಮಾತಾಡುವುದಕ್ಕೆ ಕಾರಣಗಳಿವೆ. 2017ರ ಮಳೆಗಾಲದ ಕೊನೆಯಲ್ಲಿ ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಎರಡು ಮೂರು ಔಷಧಗಳನ್ನು ಕಲಸುವುದು, ಮುಖಕ್ಕೆ ಬಟ್ಟೆಯಿಲ್ಲದೆ ತಲೆಯೆತ್ತರದ ಬೆಳೆಯೊಳಗೆ ಹೊಡೆಯುವುದು ಅದಕ್ಕೆ ಮುಖ್ಯ ಕಾರಣಗಳಾಗಿದ್ದವು. ಕನ್ನಡಿಗರಿಗೆ ಇನ್ನೂ ಹತ್ತಿರದ ನೋವು ಕಾಸರಗೋಡಿನದು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿಯ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆ ಮತ್ತು ಸುತ್ತಲಿನ ಊರುಗಳ ಮಕ್ಕಳು ಅದರ ಫಲ ಉಣ್ಣುತ್ತಲೇ ಇದ್ದಾರೆ. ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಅಲ್ಲಿಯೂ ನೆಪವಾದದ್ದು ಗೇರಿನ ಒಂದು ಸಣ್ಣ ತಿಗಣೆ.

ಮೊನೊಕ್ರೊಟೊಫಾಸ್ ಎಂಬ ಔಷಧವನ್ನು ತರಕಾರಿಗೆ ಬಳಸುವುದು 2005ರಿಂದಲೇ ನಿಷಿದ್ಧ. 2023ರಲ್ಲಿ ಅದರ ಸಾಮಾನ್ಯ ರೂಪವನ್ನೇ ಪೂರ್ತಿ ನಿಲ್ಲಿಸುವ ಆದೇಶವಾಯಿತು. ಮನೆಯ ಅಟ್ಟದಲ್ಲೋ ದನದ ಕೊಟ್ಟಿಗೆಯ ಗೂಡಿನಲ್ಲೋ ಹಳೇ ಬಾಟಲಿ ಉಳಿದಿದ್ದರೆ ತರಕಾರಿಯ ಹತ್ತಿರ ತರಬೇಡಿ.

ಬಾಟಲಿಯ ಮೇಲೆ ಬರೆದದ್ದನ್ನು ಓದಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಭಾಷೆಯಲ್ಲಿ ಓದಬೇಕು? ನಾಗಣಸೂರ, ತಡವಳ, ಜೇವೂರ, ಕರಜಗಿ, ತೋಳನೂರ, ಮಂದ್ರೂಪದ ಸುತ್ತಲಿನ ಎಷ್ಟೋ ಮನೆಗಳಲ್ಲಿ ಕಾಯಿಪಲ್ಯದ ಮಡಿ ನೋಡುವ ಹೆಣ್ಣುಮಗಳು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವಳು, ಇಲ್ಲವೇ ಇಂಡಿ, ಆಳಂದ, ಅಫಜಲಪುರದ ಕಡೆಯಿಂದ ಲಗ್ನವಾಗಿ ಬಂದವಳು. ಮರಾಠಿ ಮಾತಾಡುತ್ತಾಳೆ, ಸಂತೆಯಲ್ಲಿ ವ್ಯವಹಾರ ಮಾಡುತ್ತಾಳೆ. ಆದರೆ ಸಣ್ಣಕ್ಷರದಲ್ಲಿ ಅಚ್ಚಾದ ಮರಾಠಿ ಎಚ್ಚರಿಕೆಯನ್ನು ಓದಿ ಅರ್ಥ ಮಾಡಿಕೊಳ್ಳುವುದು ಬೇರೆ ಮಾತು. ಕೀಟನಾಶಕ ನಿಯಮಗಳು 1971ರಿಂದ ಜಾರಿಯಲ್ಲಿವೆ. ಚೀಟಿ ಮತ್ತು ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕೆಂಬುದು ಅವುಗಳ ಆಶಯ. ಅಕ್ಕಲಕೋಟದಲ್ಲಿ ಬಳಕೆಯಲ್ಲಿರುವ ಭಾಷೆ ಮರಾಠಿ ಒಂದೇ ಎಂದು ಯಾರೂ ಹೇಳಲಾರರು. ಬಾಟಲಿಯ ಜೊತೆ ಮಡಿಚಿ ಕೊಡುವ ಕರಪತ್ರದಲ್ಲಿ ಎಷ್ಟೋ ಕಂಪನಿಗಳು ಹಲವು ಭಾಷೆಗಳಲ್ಲಿ ಅಚ್ಚು ಹಾಕಿಸಿರುತ್ತವೆ. ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯಿರಿ, ಬಿಡಿಸಿ ಕನ್ನಡ ಹುಡುಕಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂಬ ಸಾಲನ್ನು ಮೊದಲು ಓದಿ. ಓದು ಬಾರದವರಿಗೂ ತಿಳಿಯುವ ಗುರುತೊಂದಿದೆ. ಚೀಟಿಯ ಮೇಲಿನ ಬಣ್ಣದ ಚೌಕದಲ್ಲಿ ಕೆಂಪು ಎಂದರೆ ಅತಿ ಉಗ್ರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಿತ್ತಲಿನ ಕಾಯಿಪಲ್ಯಕ್ಕೆ ಕೆಂಪು ಮತ್ತು ಹಳದಿ ಬೇಡವೇ ಬೇಡ.

ಮಹಾರಾಷ್ಟ್ರ ಸರ್ಕಾರಕ್ಕೆ ಮುನ್ನೆಚ್ಚರಿಕೆಯ ಕೆಲಸ ಹೊಸದಲ್ಲ. 2008ರಲ್ಲಿ ಎಲೆ ತಿನ್ನುವ ಹುಳು ವಿದರ್ಭದ ಸೋಯಾಬೀನನ್ನು ಬೋಳು ಮಾಡಿದ ಮೇಲೆ 2009ರಿಂದ ಕ್ರಾಪ್‌ಸ್ಯಾಪ್ ಎಂಬ ಕೀಟ ಸಮೀಕ್ಷೆ ಮತ್ತು ಸಲಹೆಯ ಯೋಜನೆ ನಡೆಯುತ್ತಿದೆ. ನೌಕರರು ಹೊಲಕ್ಕೆ ಹೋಗಿ ಹುಳು ಎಣಿಸಿ, ಲೆಕ್ಕ ಮೀರಿದ ಕಡೆ ಸಲಹೆ ಕಳಿಸುತ್ತಾರೆ. ಒಳ್ಳೆಯ ಕೆಲಸ, ದೇಶಕ್ಕೆ ಮಾದರಿಯಾದ ಕೆಲಸ. ಅದರ ಮುಖ್ಯ ಗಮನ ಸೋಯಾ, ಹತ್ತಿ, ತೊಗರಿ, ಕಡಲೆಯಂಥ ದೊಡ್ಡ ಬೆಳೆಗಳ ಮೇಲೆ. ಹಿತ್ತಲ ಬದನೆಯ ಬಾಡಿದ ತುದಿಯನ್ನು ಎಣಿಸಲು ಯಾರೂ ಬರಲಾರರು, ಬರಬೇಕೆಂದು ಕೇಳುವುದೂ ಸರಿಯಲ್ಲ. ಕೇಳಬೇಕಾದದ್ದು ಎರಡೇ. ಸೊಲ್ಲಾಪುರದ ಕೃಷಿ ಇಲಾಖೆ ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳಿಗೆ ಹೊರಡಿಸುವ ಕೀಟದ ಸೂಚನೆಗಳನ್ನು ಮರಾಠಿಯ ಜೊತೆ ಕನ್ನಡದಲ್ಲೂ ಕೊಡಲಿ, ಅವುಗಳಲ್ಲಿ ಕಾಯಿಪಲ್ಯಕ್ಕೂ ನಾಲ್ಕು ಸಾಲು ಇರಲಿ. ಗಡಿಯಾಚೆ ಧಾರವಾಡ, ರಾಯಚೂರು, ಬಾಗಲಕೋಟೆಯ ವಿಶ್ವವಿದ್ಯಾಲಯಗಳು ಇದೇ ಹುಳು, ಇದೇ ಹವೆ, ಇದೇ ಎರೆ ಮಣ್ಣಿನ ಬಗ್ಗೆ ಕನ್ನಡದಲ್ಲಿ ಬರೆದಿಟ್ಟದ್ದು ರಾಶಿಯಿದೆ. ಅದು ಸೊಲ್ಲಾಪುರದ ಕೃಷಿ ವಿಜ್ಞಾನ ಕೇಂದ್ರದ ಮೇಜಿಗೆ ಬರಲು ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ. ಒಬ್ಬ ಅಧಿಕಾರಿ ಇನ್ನೊಬ್ಬರಿಗೆ ಫೋನು ಮಾಡಿದರೆ ಆದೀತು.

ಅಲ್ಲಿಯವರೆಗೆ ಕನ್ನಡ ಶಾಲೆಗಳ ಗುರುಗಳಲ್ಲಿ ಒಂದು ವಿನಂತಿ. ಬಿಸಿಯೂಟಕ್ಕೆಂದು ಶಾಲೆಯ ಆವರಣದಲ್ಲಿ ಕೈತೋಟ ಬೆಳೆಸಲು 2019ರಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಕೊಟ್ಟಿದೆ. ಅಂಥ ತೋಟವಿರುವ ಕಡೆ ಸೋಮವಾರ ಮತ್ತು ಗುರುವಾರ ಹತ್ತು ನಿಮಿಷ ಮಕ್ಕಳನ್ನು ಮಡಿಯ ಹತ್ತಿರ ನಿಲ್ಲಿಸಿ ಎಲೆ ಮಗುಚಿ ತೋರಿಸಿ. ಯಾವುದು ಬದನೆಯ ಹುಳು, ಯಾವುದು ಗುಲಗಂಜಿಯ ಮರಿ ಎಂದು ಗುರುತು ಹಿಡಿಯುವುದು ಮಕ್ಕಳಿಗೆ ದೊಡ್ಡವರಿಗಿಂತ ಬೇಗ ಬರುತ್ತದೆ. ಕಂಡದ್ದನ್ನು ಕಪ್ಪುಹಲಗೆಯ ಮೂಲೆಯಲ್ಲಿ ಕನ್ನಡದಲ್ಲಿ ಬರೆಸಿ, ಸಂಜೆ ಮನೆಯಲ್ಲಿ ಹೇಳುವಂತೆ ಹೇಳಿ. ಔಷಧದ ಬಾಟಲಿ, ಪಂಪು ಮಾತ್ರ ಮಕ್ಕಳ ಕೈಗೆ ಯಾವ ಕಾರಣಕ್ಕೂ ಹೋಗಬಾರದು. ಹೆಣ್ಣುಮಕ್ಕಳ ಉಳಿತಾಯ ಗುಂಪುಗಳು ಸಭೆ ಸೇರಿದಾಗ ಸಾಲದ ಲೆಕ್ಕದ ಜೊತೆ ಒಂದು ಮಾತು ಇದನ್ನೂ ಆಡಲಿ: ಯಾರ ಮಡಿಯಲ್ಲಿ ಏನು ಕಂಡಿತು, ಯಾರ ಮನೆ ಗೋಡೆಗೆ ಹಳೇ ಬದನೆ ಕಟ್ಟಿಗೆ ಇನ್ನೂ ಇದೆ. ಫೋನಿನಲ್ಲಿ ಕೇಳಬೇಕೆನ್ನುವವರಿಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಖರ್ಚಿಲ್ಲ.

ಚಿತ್ತಿ ಮಳೆಯ ಹದಿನಾಲ್ಕು ದಿನ ಮುಂದಿದೆ, ಅದರ ಹಿಂದೆ ಸ್ವಾತಿ. ಅಷ್ಟರೊಳಗೆ ಹಳೇ ಗಿಡದ ರಾಶಿ ಸುಟ್ಟು ಮುಗಿಸಿ, ಬಲೆ ಕಟ್ಟಿ, ಬೇವಿನ ಬೀಜ ಹುಡುಕಿ ತೆಗೆದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ನೀರು ಹಾಯಿಸಲು ಹೋದಾಗ ಪ್ರತಿ ಸಾಲಿನಲ್ಲಿ ಐದು ಗಿಡದ ಎಲೆ ಮಗುಚಿ ನೋಡಿ. ಕಂಡದ್ದನ್ನು ಪಕ್ಕದ ಮಡಿಯವರಿಗೆ ಅಂದೇ ತಿಳಿಸಿ.